ಎಳ್ಳುಕಾಳಿನಷ್ಟು ಜೇಡಕ್ಕೊಂದು ಹೆಸರು

(ಇಗತಪುರಿಯ ಮಳೆಗಾಲದ ಪ್ರವಾಸದಲ್ಲಿ ಸಂಘದ ಸದಸ್ಯರ ಮುಂದೆ ಮಾಡಿದ ಭಾಷಣ)



ಜೇಡದ ವಿಷಯವಾಗಿ ನಾಲ್ಕು ಮಾತು ಆಡುತ್ತೇವೆಂದು ತಿಳಿಸಿದಾಗ ನಮ್ಮ ಮಿತ್ರರಲ್ಲಿ ಕೆಲವರು ನಕ್ಕರು. ಜೇಡವೆಂದರೆ ಹಬ್ಬದ ಹಿಂದಿನ ದಿನ ಬಿದಿರ ಕೋಲಿನ ತುದಿಗೆ ಪೊರಕೆ ಕಟ್ಟಿ ಹೊಡೆದು ಹಾಕುವಂಥದು. ಅದರ ಬಗ್ಗೆ ಭಾಷಣವೆಂದರೇನು ಎಂಬುದು ಅವರ ವಾದ. ಹೋಟೆಲಿನಲ್ಲಿ ದುಡಿಯುವವರಿಗೆ ಆ ಕೋಲಿನ ಪರಿಚಯ ಚೆನ್ನಾಗಿಯೇ ಇದೆ. ತಪಾಸಣೆಯವರು ಬರುತ್ತಾರೆಂಬ ಸುದ್ದಿ ಗಲ್ಲಾದ ತನಕ ಮುಟ್ಟಿದರೆ ಸಾಕು, ಮೊದಲು ಏಳುವುದು ಆ ಕೋಲು, ಅದನ್ನು ಹಿಡಿಯುವುದು ಎಲ್ಲರಿಗಿಂತ ಚಿಕ್ಕ ಹುಡುಗ. ನಮ್ಮಲ್ಲಿ ಬಹಳ ಜನರ ಉದ್ಯೋಗಪರ್ವ ಆರಂಭವಾದದ್ದು ಜೇಡನ ಬಲೆ ಹೊಡೆಯುವುದರಿಂದಲೇ ಎಂದರೆ ತಪ್ಪಾಗದು.

ಈ ಮಾತಿಗೆ ಇಗತಪುರಿಯಂಥ ಸ್ಥಳ ಮತ್ತೊಂದಿಲ್ಲ. ಬೆಳಿಗ್ಗೆ ಕಸಾರಾ ಸ್ಟೇಶನ್ನಿನಲ್ಲಿ ನಮ್ಮ ಗಾಡಿಯ ಹಿಂದೆ ಇನ್ನೆರಡು ಎಂಜಿನುಗಳು ಬಂದು ತಳುಕಿಕೊಂಡದ್ದನ್ನು ನೀವೆಲ್ಲ ಕಂಡಿರಿ. ಥಳ್ ಘಾಟಿನ ಏರು ಅಂಥದು. 37 ಅಡಿ ಮುಂದೆ ಸಾಗಿದರೆ ಒಂದು ಅಡಿ ಮೇಲಕ್ಕೆ ಹತ್ತಬೇಕು. 1865ರಲ್ಲಿ ಈ ದಾರಿ ತೆರೆಯಿತು. ಅದಕ್ಕಾಗಿ ಬಂಡೆ ಒಡೆದ ಕೂಲಿಗಳ ಹೆಸರು ಯಾವ ಫಲಕದ ಮೇಲೂ ನಮಗೆ ಕಾಣಲಿಲ್ಲ. ಅದಿರಲಿ. ಈಗ ನಾವು ಕುಳಿತಿರುವುದು ಸಹ್ಯಾದ್ರಿಯ ಬೆನ್ನ ಮೇಲೆ. ಇದೇ ಬೆನ್ನನ್ನು ಹಿಡಿದು ತೆಂಕಕ್ಕೆ ನಡೆಯುತ್ತ ಹೋದರೆ ಮಹಾಬಳೇಶ್ವರ, ಅಂಬೋಲಿ ದಾಟಿ ನಮ್ಮ ಸಿರಸಿ, ಸಾಗರ, ಆಗುಂಬೆ, ಮೂಡಿಗೆರೆ. ಬೆಟ್ಟ ಒಂದೇ. ಸುಮಾರು 1600 ಕಿಲೋಮೀಟರ್ ಉದ್ದದ ಈ ಸಾಲಿನಲ್ಲಿ ಇಂದಿಗೂ ಹೊಸ ಹೊಸ ಜೀವಗಳು ಪಂಡಿತರ ಕಣ್ಣಿಗೆ ಬೀಳುತ್ತಿವೆ. ಅವುಗಳಲ್ಲಿ ಜೇಡಗಳೂ ಸೇರಿವೆ. ಕೆಲವು ಜೇಡಗಳಿಗೆ ಕನ್ನಡದ ಹೆಸರು ಬಿದ್ದಿದೆ, ಒಂದಕ್ಕೆ ಮುಂಬಯಿಯ ಒಬ್ಬ ಪೊಲೀಸನ ಹೆಸರು. ಇವತ್ತಿನ ನಮ್ಮ ಮಾತು ಅದರ ಮೇಲೆಯೇ.

ಮೊದಲು ಜೇಡ ಎಂಬ ಮಾತನ್ನೇ ನೋಡೋಣ. ನಮ್ಮ ಭಾಷೆಯಲ್ಲಿ ಜೇಡನೆಂದರೆ ಹುಳವೂ ಹೌದು, ನೇಕಾರನೂ ಹೌದು. ವಚನಕಾರರಲ್ಲಿ ಹಿರಿಯನಾದ ಮುದನೂರಿನ ದಾಸಿಮಯ್ಯನನ್ನು ಜೇಡರ ದಾಸಿಮಯ್ಯನೆಂದು ಕರೆಯುವುದು ಆತ ಮಗ್ಗದ ಮುಂದೆ ಕುಳಿತವನೆಂಬ ಕಾರಣಕ್ಕೆ. ಗಿರಣಿಯಲ್ಲಿ ದುಡಿದ ಹಿರಿಯರು ಇಲ್ಲಿ ಇದ್ದೀರಿ. 1982ರ ಸಂಪಿನ ತರುವಾಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಚಿಮಣಿಗಳಿದ್ದ ಕಡೆ ಗಾಜಿನ ಕಟ್ಟಡಗಳು ಎದ್ದವು. ಆದರೆ ನೂಲಿನ ಮರ್ಮ ನಿಮ್ಮ ಬೆರಳು ಮರೆತಿರಲಾರದು. ಹತ್ತಿಯನ್ನು ಪಿಂಜಬೇಕು, ಹಂಜಿ ಮಾಡಬೇಕು, ಎಳೆಯಬೇಕು, ಹುರಿ ಕೊಡಬೇಕು. ಒಂದೊಂದಕ್ಕೆ ಒಂದೊಂದು ಖಾತೆ. ಜೇಡ ಇಷ್ಟನ್ನೂ ತನ್ನ ಹೊಟ್ಟೆಯೊಳಗೇ ಮುಗಿಸುತ್ತದೆ. ಒಳಗಿನ ಗ್ರಂಥಿಗಳಲ್ಲಿ ದ್ರವವಾಗಿರುವ ರಸ ಹಿಂಭಾಗದ ನೂಲುಕೊಳವೆಗಳಿಂದ ಎಳೆದುಕೊಂಡು ಹೊರಬರುವಾಗಲೇ ಗಟ್ಟಿ ದಾರವಾಗುತ್ತದೆ. ಗಾಳಿಗೆ ಒಣಗಿ ಗಟ್ಟಿಯಾಗುವುದಲ್ಲ, ಎಳೆತಕ್ಕೆ ಗಟ್ಟಿಯಾಗುವುದು. ಹತ್ತಿಯ ಎಳೆಗಿಂತಲೂ ಎಷ್ಟೋ ಸಣ್ಣದು ಆ ದಾರ. ಆದರೆ ತೂಕಕ್ಕೆ ತೂಕ ಹಿಡಿದರೆ ಜಗ್ಗಾಟದಲ್ಲಿ ಉಕ್ಕಿಗೂ ಸೋಲುವುದಿಲ್ಲ.

ಆದರೆ ನಾವು ಇಂದು ಹೇಳಬೇಕೆಂದಿರುವ ಜೇಡಗಳಲ್ಲಿ ಹೆಚ್ಚಿನವು ಬಲೆ ಕಟ್ಟಿ ಕಾಯುವ ಜಾತಿಯವಲ್ಲ. ಇವು ಜಿಗಿಯುವ ಜೇಡಗಳು. ನೀವೆಲ್ಲ ಕಂಡಿದ್ದೀರಿ, ಹೆಸರು ಕೇಳಿರಲಿಕ್ಕಿಲ್ಲ. ಹೋಟೆಲಿನ ಕೈತೊಳೆಯುವ ಕಟ್ಟೆಯ ಮೇಲಿನ ಬಿಳಿ ಗೋಡೆಯಲ್ಲಿ, ಕಿಟಕಿಯ ಚೌಕಟ್ಟಿನಲ್ಲಿ, ಮೋಟುಕಾಲಿನ ಒಂದು ಬೂದುಬಣ್ಣದ ಜೇಡ ಗಡಬಡಿಸಿ ಓಡುತ್ತದೆ, ತಟ್ಟನೆ ನಿಲ್ಲುತ್ತದೆ, ತಿರುಗಿ ನಿಮ್ಮ ಮುಖವನ್ನೇ ನೋಡುತ್ತದೆ. ನೊಣ ಬಂದು ಕುಳಿತರೆ ಬೆಕ್ಕಿನಂತೆ ಹೊಂಚಿ, ಮೆಲ್ಲನೆ ಸಮೀಪಿಸಿ, ಒಂದೇ ನೆಗೆತಕ್ಕೆ ಹಿಡಿಯುತ್ತದೆ. ಅದಕ್ಕೆ ಎಂಟು ಕಣ್ಣು. ಮುಂದಿನ ಎರಡು ದೊಡ್ಡವು, ದುರ್ಬೀನಿನ ಕೊಳವೆಗಳಂತೆ ಒಳಕ್ಕೆ ಉದ್ದವಾಗಿರುವಂಥವು. ಉಳಿದ ಆರು ಸುತ್ತಮುತ್ತಲಿನ ಪಹರೆಗೆ. ಹಿಂದಿನಿಂದ ಚಪ್ಪಲಿ ಎತ್ತಿದರೂ ಅದಕ್ಕೆ ಗೊತ್ತಾಗುವುದು ಇದರಿಂದಲೇ.

ಅದು ಜಿಗಿಯುವ ರೀತಿ ಇನ್ನೂ ಸೋಜಿಗದ್ದು. ನಮ್ಮ ಕಾಲನ್ನು ಮಡಚುವುದಕ್ಕೆ ಒಂದು ಸ್ನಾಯು, ಚಾಚುವುದಕ್ಕೆ ಇನ್ನೊಂದು. ಜೇಡದ ಕಾಲಿನ ಮುಖ್ಯ ಗಂಟುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವುದು ಇಲ್ಲ. ಮತ್ತೆ ಚಾಚುವುದು ಹೇಗೆ? ಮೈಯೊಳಗಿನ ರಕ್ತವನ್ನು ಒಮ್ಮೆಲೆ ಕಾಲಿನೊಳಕ್ಕೆ ಒತ್ತಿ! ಗ್ಯಾರೇಜಿನಲ್ಲಿ ಲಾರಿಯನ್ನು ಎತ್ತುವ ಎಣ್ಣೆಯ ಜಾಕು ಇದೆಯಲ್ಲ, ಅದೇ ಯುಕ್ತಿ. ಜಿಗಿಯುವ ಮೊದಲು ನಿಂತ ಜಾಗದಲ್ಲಿ ಒಂದು ದಾರವನ್ನು ಅಂಟಿಸಿಕೊಂಡೇ ಜಿಗಿಯುತ್ತದೆ. ಗುರಿ ತಪ್ಪಿದರೆ ದಾರ ಹಿಡಿದು ಮೇಲೆ ಬರುತ್ತದೆ. ಮೂವತ್ತು ಮಾಳಿಗೆಯ ಕಟ್ಟಡಕ್ಕೆ ಬಣ್ಣ ಬಳಿಯುವ ನಮ್ಮ ಸೋದರರಿಗೆ ಎಲ್ಲ ಗುತ್ತಿಗೆದಾರರೂ ಇಷ್ಟು ಹಗ್ಗ ಕೊಡುತ್ತಾರೆಂದು ನಾವು ಹೇಳಲಾರೆವು.

ಜೇಡಗಳಲ್ಲಿ ಎಲ್ಲಕ್ಕಿಂತ ದೊಡ್ಡ ಮನೆತನ ಈ ಜಿಗಿಯುವವುಗಳದೇ. ಜಗತ್ತಿನಲ್ಲಿ ಆರು ಸಾವಿರಕ್ಕೂ ಮಿಕ್ಕಿ ಜಾತಿಗಳು ಎಣಿಕೆಗೆ ಬಂದಿವೆ. ಹೆಚ್ಚಿನವು ಎಳ್ಳಿಗಿಂತ ದೊಡ್ಡವು, ಕಡಲೆಗಿಂತ ಚಿಕ್ಕವು. ಇವಕ್ಕಿಂತಲೂ ಚಿಕ್ಕ ಜೇಡಗಳಿವೆಯೆನ್ನಿ. ಕೊಲಂಬಿಯಾ ದೇಶದ ಒಂದು ಬೇರೆ ಮನೆತನದ ಗಂಡು ಜೇಡ ಒಂದು ಮಿಲಿಮೀಟರಿನ ಅರ್ಧಕ್ಕೂ ಕಡಿಮೆ, ಸಣ್ಣ ರವೆಯ ಕಾಳಿನ ಮುಂದೆಯೂ ಅದು ಕೂಸು.

ಈಗ ಮುಂಬಯಿಯ ಜೇಡಕ್ಕೆ ಬರೋಣ. 2021ರಲ್ಲಿ ಧ್ರುವ ಪ್ರಜಾಪತಿ, ಜಾನ್ ಕೇಲೆಬ್, ಸೋಮನಾಥ ಕುಂಭಾರ, ರಾಜೇಶ ಸಾನಪ ಎಂಬ ನಾಲ್ವರು ಸಂಶೋಧಕರು ಠಾಣೆಯ ಕಡೆ ಸಿಕ್ಕ ಒಂದು ಜಿಗಿಯುವ ಜೇಡವನ್ನು ಹೊಸ ಜಾತಿಯೆಂದು ವರ್ಣಿಸಿ ಪ್ರಕಟಿಸಿದರು. ಅದಕ್ಕೆ ಇಟ್ಟ ಹೆಸರು ಐಸಿಯಸ್ ತುಕಾರಾಮಿ. ಯಾವ ತುಕಾರಾಮ? ದೇಹು ಊರಿನ ಸಂತನಲ್ಲ. ಸಾತಾರಾ ಜಿಲ್ಲೆಯ ಕೇಡಂಬೆ ಗ್ರಾಮದವರಾದ, ಮುಂಬಯಿ ಪೊಲೀಸಿನ ಅಸಿಸ್ಟೆಂಟ್ ಸಬ್ ಇನ್ಸ್‌ಪೆಕ್ಟರ್ ತುಕಾರಾಮ ಓಂಬಳೆ. 2008ರ ನವೆಂಬರ್ 26ರ ರಾತ್ರಿ ಗಿರಗಾಂವ್ ಚೌಪಾಟಿಯಲ್ಲಿ ಕೈಯಲ್ಲಿ ಒಂದು ಲಾಠಿಯಷ್ಟೇ ಇದ್ದ ಈ ಮನುಷ್ಯ ಹಂತಕ ಕಸಾಬನ ಬಂದೂಕಿನ ನಳಿಗೆಯನ್ನೇ ಅಪ್ಪಿ ಹಿಡಿದರು. ಗುಂಡುಗಳನ್ನೆಲ್ಲ ತನ್ನ ಮೈಯಲ್ಲಿ ತೆಗೆದುಕೊಂಡರು, ನಳಿಗೆ ಬಿಡಲಿಲ್ಲ. ಆದ್ದರಿಂದಲೇ ಕಸಾಬ ಜೀವಸಹಿತ ಸಿಕ್ಕಿದ. ಸರಕಾರ 2009ರಲ್ಲಿ ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಕೊಟ್ಟಿತು. ಆ ರಾತ್ರಿ ನಮ್ಮವರು ಅನೇಕರು ಸಿ.ಎಸ್.ಟಿ. ಸುತ್ತಮುತ್ತ ಹೋಟೆಲುಗಳ ಶಟರು ಎಳೆದು ಕತ್ತಲಲ್ಲಿ ಕುಳಿತಿದ್ದವರೇ. ಅವರಿಗೆ ಓಂಬಳೆಯವರ ವಿಷಯ ನಾವು ಹೆಚ್ಚು ಹೇಳಬೇಕಾಗಿಲ್ಲ.

ಅದೇ ಲೇಖನದಲ್ಲಿ ವರ್ಣಿಸಿದ ಇನ್ನೊಂದು ಜೇಡಕ್ಕೆ, ತೀರಿಹೋದ ಒಬ್ಬ ಗೆಳೆಯನ ಹೆಸರು ಕೊಟ್ಟಿದ್ದಾರೆ. ಕ್ರಿಕೆಟ್ಟಿನ ಸಚಿನ್ ತೆಂಡೂಲ್ಕರರ ಹೆಸರಿನ ಜೇಡವೂ 2019ರಿಂದ ಉಂಟು. ಆದರೆ ಸಚಿನ್ನರಿಗೆ ಹೆಸರಿನ ಬರವಿಲ್ಲ. ಪೊಲೀಸನೊಬ್ಬನ ಹೆಸರು, ತೀರಿಹೋದ ಸ್ನೇಹಿತನ ಹೆಸರು ಜಗತ್ತಿನ ಶಾಸ್ತ್ರಗ್ರಂಥಗಳಲ್ಲಿ ಸೇರಿದ್ದು ನಮಗೆ ಹೆಚ್ಚಿನದಾಗಿ ಕಂಡಿತು. ಹತ್ತು ಹದಿನೈದು ವರ್ಷ ಒಂದೇ ಹೋಟೆಲಿನಲ್ಲಿ ದುಡಿದರೂ "ಏ ಪೋರ" ಎಂದಲ್ಲದೆ ಹೆಸರು ಹಿಡಿದು ಯಾರೂ ಕರೆಯದ ಹುಡುಗರನ್ನು ನಾವು ಬಲ್ಲೆವು.

ಹೊಸ ಜಾತಿಗೆ ಹೆಸರಿಡುವುದೆಂದರೆ ನಾಮಕರಣದ ತೊಟ್ಟಿಲಿನಲ್ಲಿ ಕಿವಿಯಲ್ಲಿ ಊದಿದಂತೆ ಅಲ್ಲ. ಜೇಡಗಳ ಮಟ್ಟಿಗೆ ಈ ವಿಧಿ ಆರಂಭವಾದದ್ದು 1757ರಲ್ಲಿ, ಸ್ವೀಡನ್ ದೇಶದ ಕಾರ್ಲ್ ಕ್ಲರ್ಕ್ ಎಂಬಾತನ ಪುಸ್ತಕದಿಂದ. ಮಿಕ್ಕ ಪ್ರಾಣಿಗಳಿಗೆಲ್ಲ ಲಿನಿಯಸ್ಸನ 1758ರ ಗ್ರಂಥದಿಂದ ಲೆಕ್ಕ. ಜೇಡಗಳಿಗೆ ಮಾತ್ರ ಒಂದು ವರ್ಷ ಮುಂಚೆ. ಈ ಒಂದು ವಿಷಯದಲ್ಲಿ ಅವು ಹುಲಿ-ಆನೆಗಳಿಗಿಂತ ಹಿರಿಯರು! ಸಿಕ್ಕ ಜೇಡವನ್ನು ಮದ್ಯಸಾರದಲ್ಲಿ ಅದ್ದಿ ಇಡುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಕಾಲಿನ ಒಂದೊಂದು ತುಂಡನ್ನೂ ಅಳೆಯುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ ಗಂಡಿನ ಬಾಯ ಬಳಿಯಲ್ಲಿ ಪುಟ್ಟ ಕೈಗಳಂತಿರುವ ಎರಡು ಅಂಗಗಳ ತುದಿಯನ್ನು ಪರೀಕ್ಷಿಸುತ್ತಾರೆ. ಮೈಬಣ್ಣ ಮೋಸ ಮಾಡಬಹುದು, ಆ ತುದಿ ಮಾಡುವುದಿಲ್ಲ. ಒಂದೊಂದು ಜಾತಿಗೂ ಅದರ ಆಕಾರ ಬೇರೆ. ಆಯಾ ಜಾತಿಯ ಹೆಣ್ಣಿಗೆ ಮಾತ್ರ ಒಪ್ಪುವ, ಬೀಗಕ್ಕೆ ತಕ್ಕ ಕೀಲಿಕೈಯಂಥದು. ಅದನ್ನು ಹಿಂದಿನ ನೂರಾರು ವರ್ಷಗಳ ಚಿತ್ರ, ವರ್ಣನೆ, ಭದ್ರವಾಗಿಟ್ಟ ಮಾದರಿಗಳೊಂದಿಗೆ ಹೋಲಿಸಿ, ಯಾವುದಕ್ಕೂ ಸೇರದೆಂದು ಖಾತ್ರಿಯಾದ ಮೇಲೆ ಲೇಖನ ಬರೆಯುತ್ತಾರೆ. ಬೇರೆ ಪಂಡಿತರು ಅದನ್ನು ಜಾಲಿಸಿ ನೋಡಿದ ಮೇಲೆ ಅಚ್ಚಾಗುತ್ತದೆ. ಹೆಸರು ಹೊತ್ತ ಮೂಲ ಮಾದರಿಯನ್ನು ಸಂಗ್ರಹಾಲಯದಲ್ಲಿ ಇಡಬೇಕು. ಮುಂದೆ ಯಾರಿಗೆ ಸಂಶಯ ಬಂದರೂ ತೆಗೆದು ನೋಡುವಂತಿರಬೇಕು. ಸ್ವಿಜರ್ಲೆಂಡಿನ ಬರ್ನ್ ನಗರದ ಮ್ಯೂಜಿಯಮ್ಮಿನವರು ಜಗತ್ತಿನ ಜೇಡಗಳ ಲೆಕ್ಕ ಇಡುತ್ತಾರೆ. 2022ರಲ್ಲಿ ಅವರ ಪಟ್ಟಿ ಐವತ್ತು ಸಾವಿರ ಮುಟ್ಟಿತು. ಆ ಐವತ್ತು ಸಾವಿರದೆಯದೂ ದಕ್ಷಿಣ ಅಮೆರಿಕದ ಒಂದು ಜಿಗಿಯುವ ಜೇಡವೇ.

ಇನ್ನು ನಮ್ಮ ನಾಡಿನ ಮಾತು. 2016ರಲ್ಲಿ ಜಾವೇದ್ ಅಹ್ಮದ್, ರಾಜಶ್ರೀ ಖಲಾಪ್, ಸುಮುಖ ಇವರು ಕರ್ನಾಟಕದ ಕಾನುಗಳಲ್ಲಿ ಸಿಕ್ಕ ಒಂದು ಜೇಡವನ್ನು ವರ್ಣಿಸಿದರು. ಕಾನು ಎಂದರೇನೆಂದು ಸಾಗರ, ಸೊರಬ, ಸಿದ್ದಾಪುರದವರಿಗೆ ವಿವರಿಸಬೇಕಾಗಿಲ್ಲ. ಹಿರಿಯರು ದೇವರ ಹೆಸರಿನಲ್ಲಿ ಉಳಿಸಿದ, ಮೆಣಸಿನ ಬಳ್ಳಿ ಹಬ್ಬಿದ, ನೀರಿನ ಒರತೆಯುಳ್ಳ ಕಾಡು. ಈ ಜೇಡ ಬಲೆ ಕಟ್ಟುವ ಜಾತಿಯದು, ಏಳು ಮಿಲಿಮೀಟರ್ ಉದ್ದ. ಮೈ ಹಿಂದಕ್ಕೆ ಚೂಪಾಗಿ ಬಾಗಿ ಒಣಗಿದ ಎಲೆಯ ಹಾಗೆಯೇ ಇದೆ. ಹಗಲು ಹೊತ್ತು ಒಣಗೆಲೆಗಳ ನಡುವೆ ಕುಳಿತರೆ ಹಕ್ಕಿಗೂ ಗುರುತು ಹತ್ತದು. ಆ ಆಕಾರ ಇಂಗ್ಲಿಷಿನ ಒಂದು ಮಕ್ಕಳ ಕತೆಯ ಮಾಂತ್ರಿಕ ಟೋಪಿಯನ್ನು ಹೋಲುತ್ತದೆಂದು ಆ ಟೋಪಿಯ ಒಡೆಯನ ಹೆಸರನ್ನೇ ಇಟ್ಟರು: ಎರಿಯೋವಿಕ್ಸಿಯ ಗ್ರಿಫಿಂಡೋರಿ. ಮಕ್ಕಳಿಗೆ ಸಂತೋಷವಾಯಿತು, ದೇಶವಿದೇಶದ ಪತ್ರಿಕೆಗಳು ಬರೆದವು. ನಮಗೆ ಮಾತ್ರ, ಕಾನಿನ ಜೇಡಕ್ಕೆ ಕಾನಿನ ಹೆಸರೇ ಇದ್ದಿದ್ದರೆ ಎನಿಸದೆ ಇರಲಿಲ್ಲ.

ಆ ಕೊರಗು 2024ರಲ್ಲಿ ತೀರಿತು. ಕಿರಣ ಮರಾಠೆ, ವೇಯ್ನ್ ಮ್ಯಾಡಿಸನ್, ಕೃಷ್ಣಮೇಘ ಕುಂಟೆ ಎಂಬ ಮೂವರು ದಕ್ಷಿಣ ಭಾರತದ ಕೆಲವು ಜಿಗಿಯುವ ಜೇಡಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಅವು ಹಿಂದೆ ತಿಳಿದಿದ್ದ ಯಾವ ಕುಲಕ್ಕೂ ಸೇರದೆ ತಮ್ಮದೇ ಕುಲವಾಗಿರುವುದು ಕಂಡಿತು. ಆ ಹೊಸ ಕುಲಕ್ಕೆ ಅವರಿಟ್ಟ ಹೆಸರು ತೆಂಕಣ! ಅಪ್ಪಟ ಕನ್ನಡ ಶಬ್ದ. ತೆಂಕಣವೆಂದರೆ ದಕ್ಷಿಣ ದಿಕ್ಕಿನದು. ಯಕ್ಷಗಾನದ ತೆಂಕುತಿಟ್ಟು ಬಡಗುತಿಟ್ಟುಗಳ ಜಗಳದಲ್ಲಿ ಬೆಳೆದ ನಮ್ಮ ಕರಾವಳಿಯ ಬಂಧುಗಳಿಗೆ ಇದರ ಅರ್ಥ ಬಿಡಿಸಿ ಹೇಳುವುದು ಉದ್ಧಟತನವಾದೀತು. ತಮಿಳುನಾಡು ಮತ್ತು ಸಿಂಹಳದ ಕಡೆಯೂ ಇರುವ, 2014ರಲ್ಲೇ ವರ್ಣಿತವಾಗಿದ್ದ ಒಂದು ಜೇಡ ಈ ಕುಲಕ್ಕೆ ಸೇರಿ ತೆಂಕಣ ಮನು ಆಯಿತು. ಕರ್ನಾಟಕದ ಎರಡು ಹೊಸ ಜೇಡಗಳು ತೆಂಕಣ ಅರ್ಕಾವತಿ, ತೆಂಕಣ ಜಯಮಂಗಲಿ. ಎರಡೂ ಹೊಳೆಗಳ ಹೆಸರು. ಇವುಗಳ ಹತ್ತಿರದ ನೆಂಟರಲ್ಲಿ ಅನೇಕರು ಮರ-ಎಲೆಗಳ ಮೇಲೆ ಬಾಳುವವರು. ಇವು ಒಣ ನಾಡಿನ ನೆಲದ ಮೇಲೆ ಓಡಾಡುವಂಥವು. ಹೋಟೆಲಿನ ಗೋಡೆಯ ಮೇಲೆ ನೀವು ಕಾಣುವ ಜಿಗಿಯುವ ಜೇಡಗಳಲ್ಲಿ ಒಂದು ಬಗೆಯದು ಇವುಗಳ ದಾಯಾದಿಯೇ.

ಮೂಡಿಗೆರೆ ತಾಲ್ಲೂಕಿನ ಮಧುಗುಂಡಿಯಲ್ಲಿ ಸಿಕ್ಕ ಇನ್ನೊಂದು ಜಿಗಿಯುವ ಜೇಡಕ್ಕೆ ಪಿಲಿಯ ಮಲೆನಾಡು ಎಂದು ಹೆಸರಿಟ್ಟ ಸುದ್ದಿಯನ್ನು 2025ರಲ್ಲಿ ಪತ್ರಿಕೆಗಳಲ್ಲಿ ಓದಿದೆವು. ಪಿಲಿಯ ಎಂಬ ಕುಲದ ಹೆಸರು ಹಳೆಯದು, 1902ರಲ್ಲಿ ಫ್ರಾನ್ಸಿನ ಯುಜೀನ್ ಸಿಮೋ ಇಟ್ಟದ್ದು. ಆ ಮಹಾಶಯ ತುಳು ಬಲ್ಲವನಾಗಿರಲಿಲ್ಲ. ಆದರೆ ಪಿಲಿಯೆಂದರೆ ತುಳುವಿನಲ್ಲಿ ಹುಲಿ. ನೊಣದ ಪಾಲಿಗೆ ಈ ಜೇಡ ಹುಲಿಯಲ್ಲದೆ ಮತ್ತೇನು? ಕೆಲವು ಸಲ ಹೆಸರುಗಳು ಹೀಗೆ ತಾವಾಗಿ ಕೂಡಿಬರುತ್ತವೆ.

ಇಲ್ಲಿ ಒಬ್ಬ ಸದಸ್ಯರು ಕೇಳಿದ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇವೆ. "ಜೇಡ ಮೈಮೇಲೆ ಉಚ್ಚೆ ಹೊಯ್ದರೆ ಬೊಕ್ಕೆ ಏಳುತ್ತದಲ್ಲ, ಅದನ್ನು ಹೇಗೆ ಉಳಿಸುವುದು?" ಎಂದರು. ಸ್ವಾಮಿ, ಅದು ಜೇಡನ ತಪ್ಪಲ್ಲ. ಸೊಂಟದ ಸುತ್ತ ಪಟ್ಟಿಯಂತೆ ಉರಿಯುವ ಬೊಕ್ಕೆ ಎದ್ದರೆ ಅದು ಸರ್ಪಸುತ್ತು. ಹಿಂದೆ ಸೀತಾಳೆ ಸಿಡುಬು ಬಂದಾಗ ಮೈಯಲ್ಲಿ ಅಡಗಿ ಕುಳಿತ ವೈರಸ್ಸು ಮತ್ತೆ ಎದ್ದುಬರುವುದು. ಮಳೆಗಾಲದಲ್ಲಿ ದೀಪಕ್ಕೆ ಬರುವ ಕಪ್ಪು-ಕಿತ್ತಳೆ ಬಣ್ಣದ ಒಂದು ಸಪೂರ ಹುಳು ಮೈಮೇಲೆ ಅರೆದುಹೋದರೂ ಸುಟ್ಟಂತೆ ಬೊಕ್ಕೆ ಏಳುತ್ತದೆ. ನೆಲದ ಮೇಲೆ ಚಾಪೆ ಹಾಸಿ ಮಲಗುವ ನಮ್ಮವರಿಗೆ ಇದು ಆಗಾಗ ಆಗುವುದುಂಟು. ಕೆಮ್ಮಣ್ಣು ಬಳಿದು, ಮಂತ್ರ ಹಾಕಿಸಿ ದಿನ ಕಳೆಯಬೇಡಿ. ಸರ್ಪಸುತ್ತಿಗೆ ಔಷಧವುಂಟು, ಮೊದಲ ಎರಡು-ಮೂರು ದಿನಗಳೊಳಗೆ ಡಾಕ್ಟರರ ಬಳಿ ಹೋದರೆ ಗುಣ ಹೆಚ್ಚು. ನಮ್ಮ ಗೋಡೆಯ ಜಿಗಿಯುವ ಜೇಡಗಳಿಂದ ಮನುಷ್ಯನಿಗೆ ಅಪಾಯವಿಲ್ಲ. ಜಗತ್ತಿನ ಜೇಡಗಳೆಲ್ಲ ಸೇರಿ ವರ್ಷಕ್ಕೆ 40ರಿಂದ 80 ಕೋಟಿ ಟನ್ ಹುಳುಹುಪ್ಪಟೆ ತಿನ್ನುತ್ತವೆಂದು 2017ರಲ್ಲಿ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿದರು. ಅಡಿಗೆಮನೆಯ ನೊಣ ಹಿಡಿಯುವುದಕ್ಕೆ ಸಂಬಳವಿಲ್ಲದ ಆಳು ಇವು.

ಇನ್ನು ಕಷ್ಟದ ಮಾತು. ಗೋರೆಗಾಂವಿನ ಆರೆ ಕಾಲೊನಿ ನಮಗೆಲ್ಲ ಹಾಲಿನಿಂದ ಪರಿಚಯ. 1949ರಲ್ಲಿ ನಗರದ ಎಮ್ಮೆ ತಬೇಲಿಗಳನ್ನು ಊರ ಹೊರಗೆ ಸೇರಿಸಲೆಂದು ಅದು ಹುಟ್ಟಿತು. ಆರೆಯ ಹಾಲಿನ ಚಹಾ ಕಾಸಿದ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದೇ ಆರೆಯ ಹುಲ್ಲು-ಪೊದೆಗಳಲ್ಲಿ ಈಚಿನ ವರ್ಷಗಳಲ್ಲಿ ಹಲವು ಹೊಸ ಜೇಡಗಳು ಸಿಕ್ಕಿವೆ. 2019ರ ಅಕ್ಟೋಬರಿನಲ್ಲಿ ಮೆಟ್ರೋ ಗಾಡಿಗಳ ಡಿಪೋಕ್ಕಾಗಿ ಅಲ್ಲಿ ಎರಡು ಸಾವಿರಕ್ಕೂ ಮೀರಿ ಮರ ಉರುಳಿದವು. ಸುಪ್ರೀಂ ಕೋರ್ಟು ತಡೆಯುವಷ್ಟರಲ್ಲಿ ಹೆಚ್ಚಿನ ಕೆಲಸ ಮುಗಿದಿತ್ತು. ಈಗ ಆ ಮೆಟ್ರೋ ಓಡುತ್ತಿದೆ, ನಾವೂ ಹತ್ತುತ್ತೇವೆ. ಇಗತಪುರಿಯ ಈ ಗುಡ್ಡಗಳನ್ನು ಸುಮಾರು ಎಂಟು ಕಿಲೋಮೀಟರ್ ಕೊರೆದು ನಾಗಪುರದ ಸಮೃದ್ಧಿ ಮಾರ್ಗದ ಸುರಂಗ ಮಾಡಿದ್ದಾರೆ. 2025ರ ಜೂನಿನಲ್ಲಿ ಇಲ್ಲಿಂದ ಆಮಣೆಯವರೆಗಿನ ಕೊನೆಯ ತುಂಡೂ ತೆರೆಯಿತು. ರಸ್ತೆ ಬೇಡ, ರೈಲು ಬೇಡ ಎನ್ನುವ ಶ್ರೀಮಂತಿಕೆ ನಮಗಿಲ್ಲ. ಲೋಕಲ್ ಗಾಡಿಯ ಬಾಗಿಲಿಗೆ ಜೋತು ಬಿದ್ದವರಿಗೆ ಮೆಟ್ರೋದ ಬೆಲೆ ಗೊತ್ತು. ಆದರೆ ಕಡಿಯುವ ಮೊದಲು ಎಣಿಸಬೇಕೆಂದು ಕೇಳುವುದು ಅತಿಯಾಸೆಯೆಂದು ನಮಗೆ ತೋರುವುದಿಲ್ಲ. ಹುಲಿಯಾದರೆ ಒಂದು ಕಾಡಿನಿಂದ ಇನ್ನೊಂದಕ್ಕೆ ನಡೆದು ಹೋದೀತು. ನಾಲ್ಕು ಎಕರೆಯ ಪೊದೆಯಷ್ಟೇ ಲೋಕವಾಗಿರುವ ಜೇಡ ಒಂದು ಜೆ.ಸಿ.ಬಿ.ಯ ಮಧ್ಯಾಹ್ನದ ಕೆಲಸಕ್ಕೆ ಮುಗಿದುಹೋಗಬಹುದು, ಹೆಸರು ಬೀಳುವ ಮೊದಲೇ.

ಹೆಸರು ಬಿದ್ದರೂ ಸಾಲದು. ಜಯಮಂಗಲಿ ತುಮಕೂರಿನ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಯ ಕಡೆ ಹರಿಯುವ ಹೊಳೆ. ಮಳೆಯಿಲ್ಲದ ದಿನ ಅಲ್ಲಿ ಮರಳೇ ಕಾಣುತ್ತದೆಂದು ಆ ಕಡೆಯವರು ಹೇಳುತ್ತಾರೆ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟುತ್ತದೆ. ಬೆಂಗಳೂರಿಗೆ ನೀರು ಕುಡಿಸಿದ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಯ ಜಲಾಶಯಗಳು ಆ ಹೊಳೆಗೆ ಕಟ್ಟಿದವು. ಅದೇ ಬೆಂಗಳೂರಿನ ಕೊಳೆ ಈಗ ಅದಕ್ಕೆ ಸೇರುತ್ತಿದೆ. ಜೇಡಕ್ಕೆ ಹೊಳೆಯ ಹೆಸರಿಟ್ಟ ಪಂಡಿತರ ಮನಸ್ಸಿನಲ್ಲಿ ಇದೂ ಇದ್ದೀತೇನೋ.

ಇಷ್ಟು ಕೇಳಿ ಯಾರಿಗಾದರೂ ಕುತೂಹಲ ಹುಟ್ಟಿದ್ದರೆ, ಮುಖ್ಯವಾಗಿ ಇಲ್ಲಿ ಕುಳಿತ ಮಕ್ಕಳಿಗೆ, ಒಂದು ಮಾತು. ಇದು ದೊಡ್ಡ ಪದವಿಯಿದ್ದವರಿಗೇ ಮೀಸಲಾದ ಕೆಲಸವಲ್ಲ. ಹೊಸ ಜೇಡಗಳನ್ನು ಮೊದಲು ಕಂಡವರಲ್ಲಿ ಕ್ಯಾಮರಾ ಹಿಡಿದು ಅಡ್ಡಾಡುವ ಹವ್ಯಾಸಿಗಳು ಬಹಳ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಭೂತಗನ್ನಡಿ ಸಾಕು. ನಿಮ್ಮ ಖೋಲಿಯ ಕಿಟಕಿಯಿಂದಲೇ ಆರಂಭಿಸಿ. ಕೊಲ್ಲಬೇಡಿ, ಮೊಬೈಲಿನಲ್ಲಿ ಚಿತ್ರ ತೆಗೆಯಿರಿ: ಮುಖದ್ದೊಂದು, ಬೆನ್ನಿನದೊಂದು, ಪಕ್ಕದ್ದೊಂದು. ಚಿತ್ರದ ಜೊತೆಗೆ ದಿನಾಂಕ, ಊರಿನ ಹೆಸರು, ಜೇಡ ಇದ್ದದ್ದು ಗೋಡೆಯ ಮೇಲೋ ಎಲೆಯ ಮೇಲೋ ನೆಲದ ಮೇಲೋ ಎಂಬುದನ್ನು ಆಗಲೇ ಬರೆದಿಡಿ. ಸಂಜೆಗೆ ಬರೆದರಾಯಿತೆಂದರೆ ಮರೆತುಹೋಗುತ್ತದೆ. ಎಲ್ಲಿ, ಯಾವಾಗ ಸಿಕ್ಕಿತೆಂದು ತಿಳಿಯದ ಜೇಡ ಎಷ್ಟೇ ಚೆಂದವಿದ್ದರೂ ಪಂಡಿತರಿಗೆ ಬಹಳ ಉಪಯೋಗವಿಲ್ಲ.